ಕನ್ನಡದ ಕಂಪ್ಯೂಟರು, ಮಾವನವರ ವಿಡಿಯೊ

ನನಗೊಂದು ಕೆಟ್ಟ ಚಾಳಿ ಇದೆ. ಸರಿಯಾಗಿ ನಡೆಯುತ್ತಿರುವ ಯಾವುದನ್ನು ಕಂಡರೂ ಕೈ ಸುಮ್ಮನಿರುವುದಿಲ್ಲ. ಮಿಕ್ಸಿ, ಪಂಪ್‌ಸೆಟ್ಟು, ಗೋಡೆ ಗಡಿಯಾರ, ಎಲ್ಲವೂ ನನ್ನ ಕೈಯಲ್ಲಿ ನರಳಿವೆ. ಆದರೆ ಹೋದ ತಿಂಗಳು ಒಂದು ಬೆಳಿಗ್ಗೆ, ಏನೋ ಹೊಸದು ಬಂದಿದೆ ಎಂದು ಕಂಪ್ಯೂಟರು ಮಿಣುಕಿದಾಗ ಒತ್ತಿದ ಗುಂಡಿ ಮಾತ್ರ ಜೀವವನ್ನೇ ಬಾಯಿಗೆ ತಂದಿತು.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಮ್ಮವರು ಗಡಿಯಾಚೆಯ ಕೊಳವಳ್ಳಿಯಲ್ಲಿ ನೆಲೆಸಿ ಮೂರು ತಲೆಮಾರಾಯಿತು. ಮನೆಯಲ್ಲಿ ಕನ್ನಡ; ಶಾಲೆ, ಕಚೇರಿಗಳಲ್ಲಿ ಮಲಯಾಳ. ಕನ್ನಡ ಅಕ್ಷರ ಕೂಡಿಸಿ ಓದುತ್ತೇನೆ, ಅಷ್ಟೇ. ಅಷ್ಟಕ್ಕೇ ಅಭಿಮಾನ ಉಕ್ಕಿ, ಕೊಂಡ ದಿನವೇ ಕಂಪ್ಯೂಟರಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ, ಬಂದ ನೆಂಟರಿಗೆಲ್ಲ ತೋರಿಸಿ ಮೀಸೆ ತಿರುವಿದ್ದೆ. ಗುಂಡಿಗಳ ಜಾಗ ನೆನಪಿದ್ದುದರಿಂದ ಓದುವ ಪ್ರಸಂಗವೇ ಬಂದಿರಲಿಲ್ಲ.

ಅಪ್‌ಗ್ರೇಡು ಅರ್ಧಕ್ಕೆ ನಿಂತಿತು. ಕಂಪ್ಯೂಟರು ಮೂರು ಸಲ ತಾನಾಗಿಯೇ ಆರಿ ಹತ್ತಿತು. ಆಮೇಲೆ ನಾನೆಂದೂ ಕಾಣದ ನೀಲಿ ಪರದೆ. ತೀರಿಹೋದ ಮಾವನವರು ಮಾತಾಡಿದ ಒಂದೇ ಒಂದು ವಿಡಿಯೊ ಅದರೊಳಗಿತ್ತು. ಹೆಂಡತಿ ಸುಮಿತ್ರಳ ಹಳೆಯ ಫೋನಿನಲ್ಲಿದ್ದದ್ದನ್ನು, ಫೋನು ಯಾವತ್ತಾದರೂ ಕೈಕೊಡುತ್ತದೆ, ಕಂಪ್ಯೂಟರೇ ಭದ್ರ ಎಂದು ಉಪದೇಶ ಮಾಡಿ ಸಾಗಿಸಿದವನು ನಾನೇ. ಫೋನಿನಿಂದ ಅಳಿಸಿದವನೂ ನಾನೇ.

ಅವಳು ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ನಾನು ಬಾಗಿಲು ಮುಚ್ಚಿ, ಮೀನಂಗಡಿ ಎಂಬ ಪಕ್ಕದ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಷಾಜಿಗೆ ಪರದೆಯ ಫೋಟೊ ಕಳಿಸಿ ಪಿಸುದನಿಯಲ್ಲಿ ಫೋನು ಮಾಡಿದೆ. "ಚೇಟ್ಟಾ, ಇದೇತಾ ಭಾಷ?" ಎಂದ, ಅಣ್ಣಾ, ಇದ್ಯಾವ ಭಾಷೆ ಅಂತ. ಕನ್ನಡ ಎಂದೆ. ಆಮೇಲೆ ಮಲಯಾಳದಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ: ಅಲ್ಲಿರುವುದರಲ್ಲಿ ಒಂದನ್ನು ಒತ್ತಿದರೆ ಎಲ್ಲ ಮೊದಲಿನಂತಾಗುತ್ತದೆ, ಇನ್ನೊಂದನ್ನು ಒತ್ತಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಯಾವುದು ಯಾವುದೆಂದು ಓದಿ ಹೇಳಬೇಕಾದವನು ನಾನು.

ಓದಿದೆ. 'ಮರುಹೊಂದಿಸಿ'. 'ಮರುಸ್ಥಾಪಿಸಿ'. ಎರಡೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಏನನ್ನೂ ಮರುಹೊಂದಿಸಿದವರಲ್ಲ.

"ಏನ್ರೀ ಅದು, ಬಾಗ್ಲು ಹಾಕ್ಕಂಡು?"

ಸುಮಿತ್ರ ಬಾಗಿಲು ತಳ್ಳಿಕೊಂಡು ಬಂದು ಹಿಂದೆ ನಿಂತಿದ್ದಳು. ಗುಂಡ್ಲುಪೇಟೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬೇರೆ ದಾರಿಯಿಲ್ಲದೆ ಎಲ್ಲ ಒಪ್ಪಿಸಿದೆ. ಬೈಯುತ್ತಾಳೆಂದುಕೊಂಡರೆ, "ಅದಕ್ಯಾಕೆ ಇಷ್ಟು ಪೇಡಿ, ಇಷ್ಟು ಹೆದ್ರಿಕೆ? ಸರೀರಿ ಆ ಕಡೆ," ಎಂದು ಕನ್ನಡಕ ಹಾಕಿಕೊಂಡು ಸಣ್ಣಕ್ಷರವನ್ನೂ ಬಿಡದೆ ಓದಿದಳು. "ಇದ್ರ ಕೆಳಗೆ ಬರ್ದವ್ರಲ್ಲ, ಕಡತ ಎಲ್ಲ ಅಳಿಸ್ತದೆ ಅಂತ. ಕಡತ ಅಂದ್ರೆ ಫೈಲು ಕಣ್ರೀ. ಇದು ಬ್ಯಾಡ, ಅದು." ಒತ್ತಿಯೇಬಿಟ್ಟಳು. ಎಂಥ ಧೈರ್ಯ ಇವಳದು ಎಂದುಕೊಂಡೆ. ಅವಳು ಮೆಣಸು ಹರವಲು ಹೋದಳು. ಪರದೆಯ ಮೇಲೆ ಚಕ್ರ ಮುಕ್ಕಾಲು ಗಂಟೆ ತಿರುಗಿತು. ನಾನು ಕೂರಲಾಗದೆ ನಿಂತೇ ಇದ್ದೆ.

ಕಡೆಗೆ ಹಳೆಯ ಪರದೆ ಬಂತು. ಅವಳನ್ನು ಕೂಗಿ ವಿಡಿಯೊ ಹಾಕಿದೆ. ಮಾವನವರು ಕಣ್ಣು ಕಿರಿದು ಮಾಡಿ, "ಇದ್ರಲ್ಲಿ ಮಾತೂ ಬರ್ತದಾ ಮಗಾ?" ಎಂದರು. ನನಗೆ ಅಳುವೇ ಬಂತು. "ಹೋಗಿದ್ದರೆ ನಿನಗೆ ಹೇಗೆ ಮುಖ ತೋರಿಸುತ್ತಿದ್ದೆ, ಸುಮಿತ್ರಾ?" ಎಂದೆ.

"ಎಲ್ಲಿ ಹೋಗ್ತಿತ್ತು? ಅವತ್ತು ನನ್ ಫೋನ್ ಕೇಳಿದ್ರಲ್ಲ, ನಿಮ್ ಕೈಗೆ ಕೊಡೋ ಮುಂಚೇನೇ ತಂಗಿಗೆ ಕಳ್ಸಿದ್ದೆ."

ಕೇಳಿ ಕುಣಿಯಬೇಕಾಗಿತ್ತು. ಅದರ ಬದಲು, ಇಷ್ಟು ವರ್ಷ ನನ್ನ ಉಪದೇಶಕ್ಕೆಲ್ಲ ಅವಳು ತಲೆಯಾಡಿಸಿದ್ದು ನೆನಪಾಗಿ, ಊಟದ ಹೊತ್ತಿನವರೆಗೂ ಮುಖ ಊದಿಸಿಕೊಂಡು ಕೂತೆ. ಊಟವಾದ ಮೇಲೆ ಹಿತ್ತಲಿಗೆ ಹೋಗಿ, ಅವಳ ತಂಗಿಗೆ ಗುಟ್ಟಾಗಿ ಫೋನು ಮಾಡಿ, ಆ ವಿಡಿಯೊ ಯಾವ ಕಾರಣಕ್ಕೂ ಅಳಿಸಬೇಡಮ್ಮ ಎಂದು ಬೇಡಿಕೊಂಡೆ.