ಕ್ಲಾರಿಯ ಸೈಟಿನಲ್ಲಿ ದೋಣಿ

ಬೆಳಗಿನ ಚಹಾ ತನ್ನ ಕೆಲಸ ಶುರುಮಾಡಿದ ಹೊತ್ತಿಗೆ ಕ್ಲಾರಿ ಪೆಂಗೆಲಿ ಹಿತ್ತಲಿನ ತುದಿಯ ಪಾಯಿಖಾನೆಗೆ ಹೊರಟ. ಅದರ ಬಾಗಿಲಿಗೆ ಒತ್ತಿಕೊಂಡು ಒಂದು ದೋಣಿ ನಿಂತಿತ್ತು.

ಟಿನ್‌ಪಾಟ್ ಊರಿನಿಂದ ಸಮುದ್ರಕ್ಕೆ ಎರಡು ದಿನದ ದಾರಿ. ಆದರೂ ಪಕ್ಕದ ಮನೆಯ ಡೆಸ್, ಗಣಿ ಮುಚ್ಚಿದ ವರ್ಷ ದೋಣಿ ಕೊಂಡಿದ್ದ. ಗಾಲಿಯ ಮೇಲಿದ್ದ ಅದನ್ನು ನಿಲ್ಲಿಸಿದ್ದು ಮಾತ್ರ ಕ್ಲಾರಿಯ ಸೈಟಿನಲ್ಲಿ.

ಕ್ಲಾರಿಯದು ತಗಡಿನ ಗೂಡಿನಂಥ ಮನೆ. ಸೈಟೋ, ಕುದುರೆ ಓಡಿಸುವಷ್ಟು. ಕಂಬಳಿಯ ಮೂಲೆಗೆ ಅಂಟಿದ ಗುಂಡಿಯ ಹಾಗೆ ಮನೆ ಒಂದು ಬದಿಗೆ ಕೂತಿತ್ತು. ಬೇರೆ ಊರಿನ ಗಣಿ ಬತ್ತಿದಾಗ ಅವನ ತಾತ ಆ ಮನೆಯನ್ನು ಇಡಿಯಾಗಿ ಎತ್ತಿನ ಬಂಡಿಯಲ್ಲಿ ತಂದು ಇಳಿಸಿದ್ದನಂತೆ. ಉಳಿದ ಜಾಗ ಊರಿನವರ ಪಾಲಾಗಿತ್ತು.

"ಡೆಸ್! ತೆಗಿಯೋ ನಿನ್ನ ದೋಣಿ!"

"ರಾತ್ರಿ ಗಾಳಿಗೆ ತಾನೇ ಉರುಳ್ಕೊಂಡು ಹೋಗಿದೆ ಮಾರಾಯ. ಈಗ ಟೈರು ಬೇರೆ ಕೂತ್ಬಿಟ್ಟಿದೆ. ಇರ್ಲಿ ಬಿಡು, ಅದೇನು ಹುಲ್ಲು ತಿನ್ನುತ್ತಾ?"

ವಾದಿಸಲು ವೇಳೆಯಿರಲಿಲ್ಲ. ಕ್ಲಾರಿ ಇನ್ನೊಂದು ಪಕ್ಕದ ಬೆರಿಲ್ ಮುದುಕಿಯ ಮನೆಯ ಪಾಯಿಖಾನೆಗೆ ಓಡಿದ. ಹಗುರಾಗಿ ಹೊರಬಂದು ನೋಡಿದರೆ, ಅವಳ ಕೋಳಿಗಳು ತನ್ನ ಟೊಮೆಟೊ ಗಿಡಗಳನ್ನು ಕೆದರಿ ಹಾಕುತ್ತಿದ್ದವು.

"ಕಳ್ಳ ಕೋಳಿಗಳು! ಎಲ್ಲಾ ಕಳ್ಳರೇ!"

"ನಮ್ಮನೇಲಿ ಕೂತು ಎದ್ದು ಬಂದು ನನ್ನ ಕೋಳಿಗೇ ಕಳ್ಳ ಅಂತೀಯಾ?" ಎಂದಳು ಬೆರಿಲ್.

ಕ್ಲಾರಿಗೆ ಮೈಯೆಲ್ಲ ಉರಿಯಿತು. ರಸ್ತೆಯಾಚೆ ಹಳೆಯ ಗಣಿಯ ಜಾಗ ಅಳೆಯಲು ಸರ್ವೆಯ ನೋಲಾ ಬಂದಿದ್ದಳು. ಮಾಂಸದ ಕಡುಬಿನ ಆಸೆ ತೋರಿಸಿ ತನ್ನ ಸೈಟನ್ನೂ ಅಳೆಯಲು ಅವಳನ್ನು ಕರೆತಂದ. ನೋಡಲು ಅಕ್ಕಪಕ್ಕದವರೆಲ್ಲ ಕುರ್ಚಿ ಹಾಕಿಕೊಂಡು ಕೂತರು.

ನೋಲಾ ಗೂಟ ಹೊಡೆಯುತ್ತ ಹೋದಳು. ದೋಣಿ ಗಡಿಯ ಒಳಗೆ. ಬೆರಿಲ್ ಕಟ್ಟಿಕೊಂಡಿದ್ದ ಕೋಳಿಗೂಡೂ ಒಳಗೆ. ಒಂದೊಂದು ಗೂಟಕ್ಕೂ ಕ್ಲಾರಿ ದೋಸೆಹಿಟ್ಟಿನಂತೆ ಉಬ್ಬುತ್ತ, ಕೊನೆಗೆ ಉಕ್ಕಿಯೇಬಿಟ್ಟ.

"ಸಂಜೆಯೊಳಗೆ ಎಲ್ಲಾ ಎತ್ಕೊಂಡು ಹೋಗ್ಬೇಕು! ಇನ್ನೊಬ್ಬರ ನೆಲದಲ್ಲಿ ಠಿಕಾಣಿ ಹೂಡೋಕೆ ನಾಚಿಕೆ ಆಗಲ್ವಾ?"

ಕೊನೆಯ ಗೂಟವನ್ನು ನೋಲಾ ಅವನ ಹಿತ್ತಲ ಬಾಗಿಲ ಮೆಟ್ಟಿಲ ಬುಡಕ್ಕೆ ಹೊಡೆದಳು.

"ಇಲ್ಲಿಗೆ ಮುಗೀತು ನಿಮ್ಮ ಜಾಗ."

"ಮತ್ತೆ ಮನೆ?"

"ಅದು ಡೆಸ್ ಅವರ ಸೈಟಲ್ಲಿದೆ. ಪಾಯಿಖಾನೆ ಮಾತ್ರ ಪೂರ್ತಿ ನಿಮ್ಮದೇ."

ಕೋಳಿಗಳೂ ಕೆದರುವುದನ್ನು ನಿಲ್ಲಿಸಿದವು.

"ನಿಮ್ಮ ತಾತ ಕತ್ತಲಲ್ಲಿ ಇಳಿಸಿರ್ಬೇಕು. ಕುಡಿದೂ ಇರ್ಬೇಕು," ಎಂದಳು ಬೆರಿಲ್.

ಡೆಸ್ ನಿಧಾನಕ್ಕೆ ಕುರ್ಚಿಯಿಂದ ಎದ್ದ. "ಸಂಜೆಯೊಳಗೆ ಅಂದ್ಯಲ್ಲ ಕ್ಲಾರಿ?"

ಕ್ಲಾರಿ ಮೆಟ್ಟಿಲು ಹತ್ತಿ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಹೋಗ್ಲಿ, ನಾನು ಅಂಥವನಲ್ಲ. ನಿನ್ನ ಮನೆ ನನ್ನ ನೆಲದಲ್ಲಿರ್ಲಿ, ನನ್ನ ದೋಣಿ ನಿನ್ನ ನೆಲದಲ್ಲಿ ಇದ್ದಲ್ಲೇ ಇರ್ಲಿ. ನೀನು ಮನೆ ಜರುಗಿಸಿದ ದಿನ ನಾನು ದೋಣಿ ಜರುಗಿಸ್ತೀನಿ."

ನ್ಯಾಯವಾದ ಮಾತು ಎಂದು ಎಲ್ಲರೂ ತಲೆದೂಗಿದರು. ನೋಲಾ ಕಡುಬು ತಿಂದು ಹೊರಟಳು.

ಆ ಸಿಟ್ಟಿನಲ್ಲಿ ಕ್ಲಾರಿ ಒಂದು ಕೆಟಲು ಚಹಾ ಪೂರ್ತಿ ಕುಡಿದ. ತಪ್ಪಾದದ್ದು ಅದೇ. ಸಂಜೆ ಎರಡೂ ಕಾಲು ಹೆಣೆದುಕೊಂಡು ಬೆರಿಲ್‌ಳ ಬಾಗಿಲಲ್ಲಿ ನಿಂತ.

"ಬೆರಿಲ್, ಸ್ವಲ್ಪ ನಿಮ್ಮ..."

ಬೆರಿಲ್ ಬಾಗಿಲಿಗೆ ಅಡ್ಡವಾಗಿ ನಿಂತಳು. "ಮೊದ್ಲು ನನ್ನ ಕೋಳಿಗಳ ಹತ್ರ ಕ್ಷಮೆ ಕೇಳು. ಒಟ್ಟಿಗೆ ಅಲ್ಲ, ಒಂದೊಂದರ ಹತ್ರಾನೂ, ಹೆಸರು ಹಿಡಿದು."

ಬೆರಿಲ್ ಬಹಳ ಕೋಳಿ ಸಾಕಿದ್ದಳು.