ಹದಿನೆಂಟು ಹಾಳೆಯ ಉಳುಕು

ಮಧುಗಿರಿ ಕೋರ್ಟಿನ ಎದುರು ಹದಿನಾರು ವರ್ಷದಿಂದ ಟೈಪು ಹೊಡೆಯುತ್ತಿರುವ ನನಗೆ, ಅಂದರೆ ನಾಗಲಿಂಗಯ್ಯನಿಗೆ, ಎಂಬತ್ಮೂರನೇ ಇಸವಿಯ ಶ್ರಾವಣದಲ್ಲಿ ಒಂದು ರಾಜರೋಗ ಅಂಟಿಕೊಂಡಿತು. ಎಡ ಮಣಿಕಟ್ಟಿನ ಉಳುಕು. ಡಾಕ್ಟರು ಕೈ ತಿರುವಿ, ನಾನು ಕೂಗಿಕೊಂಡದ್ದನ್ನು ಕೇಳಿ ಸಮಾಧಾನಪಟ್ಟು, ತೀರ್ಪು ಕೊಟ್ಟರು.

“ಸಾಲು ಮುಗಿದು ಟಿಂಗ್ ಅಂದಾಗಲೆಲ್ಲ ಎಡಗೈಲಿ ಆ ಗಾಡಿ ತಳ್ತೀರಲ್ಲ, ಅದು ಹದಿನೈದು ದಿನ ಬಂದ್. ಬೆರಳು ಬೇಕಾದರೆ ಆಡಿಸಿ.”

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಬಾವಿ ಸೇದುವ ಕೆಲಸ ಮನೆಯಲ್ಲಿ ನನ್ನದು. ಅದೂ ಬಂದ್ ಎಂದು ಡಾಕ್ಟರು ಹೇಳದಿದ್ದರೂ ನಾನೇ ಸೇರಿಸಿಕೊಂಡು ಹೆಂಡತಿಗೆ ವರದಿ ಒಪ್ಪಿಸಿದೆ. ರಾಮಾಂಜಿನಮ್ಮ ಪಾವಗಡದ ಕಡೆಯವಳು, ಸಿಟ್ಟು ಬಂದರೆ ತೆಲುಗಿಗೆ ಜಾರುತ್ತಾಳೆ. “ಚಾಲು, ಚಾಲು, ಸಾಕು ನಿಮ್ಮ ವರದಿ,” ಎಂದು ಬಿಂದಿಗೆ ಎತ್ತಿಕೊಂಡು ತಾನೇ ಬಾವಿಗೆ ಹೋದಳು.

ಆ ಖುಷಿ ಸಂಜೆಯವರೆಗೂ ಬಾಳಲಿಲ್ಲ. ವಕೀಲ ಸಿದ್ದಗಂಗಯ್ಯನವರು ಒಂದು ಮೇಲ್ಮನವಿಯನ್ನು ತಂದು ಕೈಗಿಟ್ಟರು. ಅಣ್ಣತಮ್ಮಂದಿರ ನಡುವೆ ಒಂದು ಹುಣಿಸೇಮರದ ವ್ಯಾಜ್ಯ, ಹದಿನೆಂಟು ಹಾಳೆ.

“ಸೋಮವಾರ ಹತ್ತೂವರೆಗೆ ನನ್ನ ಮೇಜಿನ ಮೇಲಿರಬೇಕು ನಾಗಲಿಂಗಯ್ಯ, ಅವತ್ತೇ ಕಡೇ ದಿನ. ಇಲ್ಲ ಅಂದ್ರೆ ನಿಮ್ಮ ಮೆಷಿನ್ನು ನನ್ನ ಜಗಲಿ ಮೇಲಿರಲ್ಲ.”

ಆ ಜಗಲಿಯೇ ನನ್ನ ಸಿಂಹಾಸನ. ಅದು ಹೋದರೆ ಬಿಸಿಲಲ್ಲಿ ಕೊಡೆ ಹಿಡಿದು ಅರ್ಜಿ ಹೊಡೆಯಬೇಕು. ಮೆಷಿನ್ನನ್ನು ಮನೆಗೆ ಹೊರಿಸಿಕೊಂಡು ಬಂದೆ.

ಗಾಡಿಯನ್ನು ಬಲಗೈಯಲ್ಲೇ ತಳ್ಳಬಹುದಿತ್ತಲ್ಲ ಎನ್ನುತ್ತೀರಿ. ತಳ್ಳಿದೆ. ಮೊದಲ ಸಾಲಿಗೆ ಮೊಣಕೈ ಕಾಫಿ ಲೋಟ ಉರುಳಿಸಿತು, ಎರಡನೆಯದಕ್ಕೆ ನನ್ನ ಕನ್ನಡಕವನ್ನೇ ಹಾರಿಸಿತು. ಆಗ ಹೊಳೆಯಿತು ಒಂದು ಮಹೋಪಾಯ. ಬೆರಳು ನನ್ನದು, ತಳ್ಳುವುದು ಧರ್ಮಪತ್ನಿಯದು!

“ಟಿಂಗ್ ಅಂದ ತಕ್ಷಣ ಈ ಕಡ್ಡೀನ ತಳ್ಳಬೇಕು, ಅಷ್ಟೇ.”

“ಒಲೆ ಮೇಲೆ ಹುರುಳಿ ಐತೆ.”

“ಹುರುಳಿಗೆ ಮುಂದಿನ ವಾಯಿದೆ ಕೊಡು.”

ಮೂರು ದಿನ ಹೀಗೇ ಸಾಗಿತು. ಮೊದಲ ದಿನ ಅವಳು ಎಷ್ಟು ಜೋರಾಗಿ ತಳ್ಳಿದಳೆಂದರೆ ಮೆಷಿನ್ನು ಮಣೆಯಿಂದ ಇಳಿದು ನನ್ನ ತೊಡೆಯ ಮೇಲೆ ಕೂತಿತು. ಎರಡನೆಯ ದಿನ ಕೈ ಹದಕ್ಕೆ ಬಂತು, ಆದರೆ ಹೊಡೆದದ್ದನ್ನೆಲ್ಲ ಓದತೊಡಗಿದಳು. ಒಂಬತ್ತನೇ ಹಾಳೆಯಲ್ಲಿ ಟಿಂಗ್ ಅಂದರೂ ಕೈ ಮುಂದಕ್ಕೆ ಬರಲಿಲ್ಲ.

“ಯಾಕೆ?”

“ಈ ತಮ್ಮ ಅತ್ತಿಗೇನ ಹಿಂಗೆಲ್ಲ ಬೈದು ಬರೆಸವ್ನಲ್ಲ, ಆ ಮರಕ್ಕೆ ನೀರು ಹೊಯ್ದೋಳು ಯಾರಂತೆ? ಆ ಸಾಲು ಹೊಡೀರಿ, ಆಮ್ಯಾಲೆ ತಳ್ತೀನಿ.”

“ನಾನು ವಕೀಲನಲ್ಲ ಕಣೇ, ಟೈಪಿಸ್ಟು.”

“ಹಂಗಾರೆ ನೀವೇ ತಳ್ಕಳಿ.”

ಕೊನೆಗೆ ಮುಂದಿನ ಹಾಳೆಯಲ್ಲಿ ಅತ್ತಿಗೆಗೆ ನ್ಯಾಯ ಸಿಗುತ್ತದೆ ಎಂದು ಸುಳ್ಳು ಹೇಳಿ ಗಾಡಿ ಹೊರಡಿಸಿದೆ. ಹಾಳೆ ಬದಲಿಸುವಾಗ ಒಮ್ಮೆ ಅವಳು ಕಾರ್ಬನ್ನು ಮುಟ್ಟಿ, “ಈ ಕರೀ ಕಾಗದದ ಮಸಿ ಮುಖ ಯಾವ ಕಡೆ ಇರ್ಬೇಕ್ರೀ?” ಎಂದಳು. ನನಗೆ ರೇಗಿತು. “ಕಾರ್ಬನ್ನು ಹದಿನಾರು ವರ್ಷದ ವಿದ್ಯೆ. ನೀನು ತಳ್ಳು,” ಎಂದೆ. ಶನಿವಾರ ಸಂಜೆಗೆ ಅಸಲು ಹದಿನೆಂಟು, ತೆಳು ಪ್ರತಿ ಹದಿನೆಂಟು, ಎರಡು ಕಟ್ಟು ಗೂಡಿನಲ್ಲಿ ಕೂತವು.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಚಿಕ್ಕಹನುಮಕ್ಕ ಬಂದಳು. ಅವಳಿ ಹೆತ್ತವರ ಕೈಗೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಇವಳು ಅವಳಿ ಹೆತ್ತವಳು, ಉಳುಕು ತೆಗೆಯುವುದರಲ್ಲಿ ಶಿರಾವರೆಗೂ ಹೆಸರು. ತಟ್ಟೆಯಲ್ಲಿ ನೀರು, ಅದರ ಮೇಲೆ ಉರಿಯುವ ಕಾಗದ ತುಂಬಿ ಬೋರಲು ಹಾಕಿದ ಚೊಂಬು, ಚೊಂಬಿನ ಮೇಲೆ ನನ್ನ ಕೈ. ನೀರನ್ನು ಚೊಂಬು ಗುಟುಕರಿಸಿದರೆ ಉಳುಕೂ ಅದರ ಜೊತೆ ಹೋಯಿತೆಂದು ಲೆಕ್ಕ.

“ಪೂರ್ವಕ್ಕೆ ಮುಖ ಮಾಡಿ ಕಣ್ಣು ಮುಚ್ಕಳಪ್ಪ. ಬಾಯಿ ಬುಟ್ಟೀಯ, ಉಳುಕು ತಿರುಗಿ ಬಂದ್ಬುಡ್ತದೆ. ರಾಮಾಂಜಿ, ಕಾಗದ ತಾರಮ್ಮ. ಯಾವ ಕೆಲಸದಿಂದ ಉಳುಕ್ತೋ ಆ ಕೆಲಸದ್ದೇ ಆಗ್ಬೇಕು.”

ಕಸದ ಬುಟ್ಟಿ ಸದ್ದಾಯಿತು. ತಪ್ಪು ಹೊಡೆದು ಎಸೆದ ಹಾಳೆಗಳು ಅದರಲ್ಲಿ ಬೇಕಾದಷ್ಟಿದ್ದವು.

“ಥೂ, ಇದಾ? ದೇವ್ರಿಗೆ ಕೊಳೆತ ಹಣ್ಣು ಇಡ್ತೀಯೇನಮ್ಮ? ತಪ್ಪಿಲ್ಲದ್ದು ತಾ.”

ಯಾವುದೋ ಹಳೇ ಅರ್ಜಿ ತಂದಾಳು ಎಂದುಕೊಂಡು ನಾನು ಬಾಯಿ ಬಿಗಿಹಿಡಿದೆ. ಮೂರು ಸಲ ಉರಿ, ಮೂರು ಸಲ ಗುಟುಕ್ ಗುಟುಕ್. ಕಣ್ಣು ಬಿಡುವಷ್ಟರಲ್ಲಿ, ಸುಳ್ಳಲ್ಲ, ಕೈ ಹಗುರ. ತಿರುವಿದೆ, ನೋವಿಲ್ಲ. ಚಿಕ್ಕಹನುಮಕ್ಕನಿಗೆ ಎರಡೂ ಕೈ ಮುಗಿದು ಗೂಡಿನ ಕಡೆ ನೋಡಿದೆ. ಒಂದೇ ಕಟ್ಟಿತ್ತು.

“ರಾಮಾಂಜಿ, ಅಸಲು ಎಲ್ಲಿ?”

“ಸುಟ್ಟಿದ್ದು ಅದೇ ಅಲ್ವಾ? ಯಾಕಂಗೆ ಬಾಯಿ ಬಿಡ್ತೀರಾ? ಹೆಂಗೂ ಇನ್ನೊಂದು ಪ್ರತಿ ಐತೆ. ಅಷ್ಟೂ ಬುದ್ಧಿ ಇಲ್ವಾ ನಂಗೆ?”

ಬುದ್ಧಿ ಅವಳಿಗಿತ್ತು. ಇಲ್ಲದಿದ್ದದ್ದು ಯಾರಿಗೆಂದು ತೆಳು ಹಾಳೆಗಳ ಕಟ್ಟು ಬಿಚ್ಚಿದಾಗ ತಿಳಿಯಿತು. ಹದಿನೆಂಟೂ ಬೆಳ್ಳಗಿದ್ದವು. ಒಂದು ಅಕ್ಷರವಿಲ್ಲ.

“ಅದಕ್ಕೇ ಮತ್ತೆ,” ಎಂದಳು ರಾಮಾಂಜಿನಮ್ಮ, “ಸುಡೋವಾಗ ನೋಡಿದ್ನಲ್ಲ, ಅಸಲು ಹಾಳೆಗಳ ಬೆನ್ನಿಗೂ ತಿರುಗಾಮುರುಗಾ ಅಕ್ಷರ ಇತ್ತು. ಎರಡೂ ಕಡೆ ಬರೆಯೋದು ಹದಿನಾರು ವರ್ಷದ ವಿದ್ಯೆ ಅಂದ್ಕಂಡೆ.”

ಕಾರ್ಬನ್ನನ್ನು ನಾನು ಹದಿನೆಂಟು ಸಲವೂ ಮಸಿ ಮುಖ ಮೇಲೆ ಮಾಡಿ ಹಾಕಿದ್ದೆ. ವಿದ್ಯೆಯ ಜಂಬದಲ್ಲಿ ಒಂದು ಪ್ರತಿಯನ್ನೂ ತೆರೆದು ನೋಡಿರಲಿಲ್ಲ. ಜಗಲಿಯೂ, ಅದರ ನೆರಳೂ, ಅಲ್ಲಿಗೆ ಹತ್ತು ಗಂಟೆಗೆ ಬರುವ ಟೀಯೂ ಚೊಂಬಿನೊಳಗೆ ಗುಟುಕ್ಕೆಂದವು. ಉಳಿದದ್ದು ವಕೀಲರ ಕೈಬರಹ ಮತ್ತು ವಾಸಿಯಾದ ಕೈ.

ಕೂಡಲೇ ಕೂತೆ. “ತಳ್ಳೇ,” ಎಂದೆ. “ಕೈ ವಾಸಿ ಆಯ್ತಲ್ಲ,” ಎಂದು ಅವಳು ಎದುರಿಗೆ ಕಡಲೇಕಾಯಿ ಸುಲಿಯುತ್ತ ಕೂತಳು. ಪ್ರತಿ ಹಾಳೆಗೂ ಕತ್ತು ಬಗ್ಗಿಸಿ ಕಾರ್ಬನ್ನಿನ ಮುಖ ನೋಡಿ, “ಹೂಂ, ಹೊಡೀರಿ,” ಎಂದು ಅಪ್ಪಣೆ ಕೊಡುತ್ತಿದ್ದಳು.

ಹದಿನೆಂಟನೇ ಹಾಳೆಯ ಕೊನೆಯ ಟಿಂಗ್‌ಗೆ ಗಾಡಿ ತಳ್ಳಿದೆ, ಮಣಿಕಟ್ಟು ಕಟಕ್ಕೆಂದಿತು. ಕಣ್ಣಲ್ಲಿ ನೀರು ಬಂತು.

“ಯಾಕ್ರೀ ಮುಖ ಹಿಂಡ್ತೀರಾ? ತಿರುಗಿ ಬಂತಾ? ಚಿಕ್ಕಹನುಮಕ್ಕನ್ನ ಕೂಗ್ಲಾ?”

ಕೂಗುವ ಅಗತ್ಯವೇ ಇರಲಿಲ್ಲ. ಪಕ್ಕದ ಮೋಟುಗೋಡೆಯಾಚೆಯಿಂದ ಚಿಕ್ಕಹನುಮಕ್ಕನ ತಲೆಯೂ ಅದರ ಪಕ್ಕ ಚೊಂಬೂ ಕಾಣಿಸಿದವು. ಅವಳ ಕಣ್ಣು ನೇರವಾಗಿ ಆ ತಪ್ಪಿಲ್ಲದ ಹಾಳೆಗಳ ಮೇಲಿತ್ತು. ನಾನು ಮೂವತ್ತಾರು ಹಾಳೆಗಳನ್ನೂ ಎದೆಗವಚಿಕೊಂಡೆ.

“ಏನೂ ಇಲ್ಲ ಕಣೇ. ಕೈ ಬಂಡೆ ಇದ್ದಂಗೈತೆ.”

“ಹಂಗಾರೆ ಒಳ್ಳೇದಾಯ್ತು,” ಎಂದು ರಾಮಾಂಜಿನಮ್ಮ ಸೆರಗು ಕೊಡವಿ ಎದ್ದು, ಬಿಂದಿಗೆಯನ್ನೂ ಹಗ್ಗವನ್ನೂ ತಂದು ನನ್ನ ಮುಂದಿಟ್ಟಳು. “ಮೂರು ದಿನದಿಂದ ಹಂಡೆ ಬರಿದಾಗೈತೆ.”