ಶನಿವಾರದ ಸುಳ್ಳು ಇಂಟರ್‌ವ್ಯೂಗಳು

ಸುಳ್ಳು ಇಂಟರ್‌ವ್ಯೂ ನಡೆಯುವ ಕೋಣೆಗೆ ಯಾರೂ ನಗಿಸಬೇಕೆಂದು ಬರುವುದಿಲ್ಲ. ಎಲ್ಲರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಂಭೀರವಾಗಿಯೇ ಬರುತ್ತಾರೆ. ಬಹುಶಃ ಅದಕ್ಕೇ ಅಲ್ಲಿ ವಾರಕ್ಕೊಂದಾದರೂ ಏನಾದರೂ ಆಗುತ್ತಿರುತ್ತದೆ.

ನಾನು ಲಗ್ಗೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ನನ್ನ ಯಜಮಾನರು ಚಿಕ್ಕಬಾಣಾವರದ ಕಡೆಯ ಒಂದು ಕಾಲೇಜಿನಲ್ಲಿ ಬಿ.ಕಾಂ., ಬಿಬಿಎ ಮಕ್ಕಳಿಗೆ ಕಲಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಕೊನೆಯ ವರ್ಷದವರನ್ನು ಕೂರಿಸಿಕೊಂಡು, ಸುಳ್ಳು ಇಂಟರ್‌ವ್ಯೂ ನಡೆಸಿ, ಕೆಲಸದ ನಿಜವಾದ ಇಂಟರ್‌ವ್ಯೂಗೆ ತಯಾರು ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಪ್ರಾಂಶುಪಾಲರು ಮನೆಗೆ ಬಂದು, "ಈ ವರ್ಷ ಮುಗಿಯೋವರೆಗೆ ನೀವು ಬಂದು ಪ್ರಶ್ನೆ ಕೇಳಿ ಮೇಡಂ, ಅಷ್ಟು ಸಾಕು" ಎಂದರು. ಶನಿವಾರ ಮಧ್ಯಾಹ್ನ ನನಗೆ ಮನೆಯಲ್ಲಿ ಬೇರೆ ಕೆಲಸವಿರಲಿಲ್ಲ. ಹೋದೆ.

ಹತ್ತು ಅಂಕದ ಉತ್ತರ

ಮೊದಲನೆಯವನಾಗಿ ಬಂದು ಕೂತವನು ಅಲ್ಲಿಯ ಹಳೆಯ ಒಕ್ಕಲು ಮನೆತನದ ಹುಡುಗ. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಮೂರು ಮಹಡಿಯ ಬಾಡಿಗೆ ಕಟ್ಟಡಗಳು ನಿಂತಿವೆ.

"ನಿನ್ನ ಬಗ್ಗೆ ಹೇಳಪ್ಪ" ಎಂದೆ.

ಅವನು ಸ್ವಲ್ಪ ಯೋಚಿಸಿ, "ಎಷ್ಟು ಮಾರ್ಕ್ಸ್‌ಗೆ ಮೇಡಂ?" ಎಂದ.

ನಾನೂ ಮೇಷ್ಟ್ರೇ ಅಲ್ಲವೆ, ಅಭ್ಯಾಸಬಲದಿಂದ "ಹತ್ತು" ಎಂದುಬಿಟ್ಟೆ. ತಕ್ಷಣ ನೆಟ್ಟಗೆ ಕೂತ. ಪೀಠಿಕೆ ಹಾಕಿದ. ತನ್ನನ್ನು ಅಂಶಗಳಾಗಿ ವಿಂಗಡಿಸಿ ಒಂದೊಂದಾಗಿ ವಿವರಿಸಿದ. ಕೊನೆಗೆ, "ಒಟ್ಟಿನಲ್ಲಿ ಹೇಳುವುದಾದರೆ, ನನ್ನಲ್ಲಿ ಅನುಕೂಲಗಳೂ ಇವೆ, ಅನಾನುಕೂಲಗಳೂ ಇವೆ" ಎಂದು ಉಪಸಂಹಾರ ಮಾಡಿದ.

"ಅನಾನುಕೂಲಗಳು ಯಾವುವು?"

"ಅದು ಮುಂದಿನ ಪ್ರಶ್ನೆ ಮೇಡಂ. ಅದಕ್ಕೆ ಬೇರೆ ಮಾರ್ಕ್ಸು."

ಚರ್ಚೆ ಮತ್ತು ತೀರ್ಪು

ಕಂಪನಿಗಳವರು ಗುಂಪು ಚರ್ಚೆಯನ್ನೂ ಮಾಡಿಸುತ್ತಾರೆ. ಹಾಗಾಗಿ ಎಂಟು ಜನರನ್ನು ದುಂಡಗೆ ಕೂರಿಸಿ ವಿಷಯ ಕೊಟ್ಟೆ: ಆಫೀಸಿಗೆ ಹೋಗಿ ಕೆಲಸ ಮಾಡುವುದು ಒಳ್ಳೆಯದೋ, ಮನೆಯಿಂದ ಮಾಡುವುದೋ? "ಇನ್ನೊಬ್ಬರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು" ಎಂದೂ ಹೇಳಿದೆ. ಎಲ್ಲರೂ ಇನ್ನೊಬ್ಬರು ಮಾತಾಡಲಿ ಎಂದು ಕಾದು ಕೂತರು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಚರ್ಚೆ ಇರಲಿಲ್ಲ.

"ಹಾಗಲ್ಲ, ಧೈರ್ಯವಾಗಿ ಮಾತಾಡಿ" ಎಂದೆ. ಎಂಟು ಜನರೂ ಒಟ್ಟಿಗೆ ಧೈರ್ಯ ಮಾಡಿದರು. ಪಕ್ಕದ ತರಗತಿಯವರು ಬಂದು ಬಾಗಿಲಲ್ಲಿ ಇಣುಕಿದರು.

ಆಗ ಬಾಡಿಗೆ ಕಟ್ಟಡಗಳ ಮನೆಯ ಆ ಹತ್ತು ಅಂಕದ ಹುಡುಗ ಕೈ ಎತ್ತಿದ. "ಏಯ್, ಸ್ವಲ್ಪ ಇರ್ರೋ. ಮಗಾ, ನೀನ್ ಮೊದಲು ಹೇಳು. ಆಮೇಲೆ ಅವಳು." ಇಬ್ಬರ ಮಾತನ್ನೂ ತಲೆ ಬಗ್ಗಿಸಿ ಕೇಳಿದ. ಮಿಕ್ಕವರನ್ನು ಕೇಳಲೇ ಇಲ್ಲ. "ಸರಿ. ಸೋಮವಾರ, ಬುಧವಾರ, ಶುಕ್ರವಾರ ಆಫೀಸು. ಮಂಗಳವಾರ, ಗುರುವಾರ ಮನೆ. ಇನ್ನು ಇದರ ಬಗ್ಗೆ ಮಾತು ಬೇಡ" ಎಂದು ಎದ್ದು ನಿಂತ.

"ಇದು ಚರ್ಚೆ ಕಣಪ್ಪ, ತೀರ್ಪು ಕೊಡೋ ಹಾಗಿಲ್ಲ" ಎಂದೆ.

"ನಮ್ಮನೇಲಿ ಹಿಂಗೇ ಮೇಡಂ. ತಾರಸಿ ಮೇಲೆ ಬಟ್ಟೆ ಒಣಗಾಕೋ ವಿಷಯಕ್ಕೆ ಬಾಡಿಗೆಯವರು ಜಗಳ ಆಡ್ತಾ ಇರ್ತಾರೆ. ಚರ್ಚೆ ಮಾಡ್ತಾ ಕೂತರೆ ಬಟ್ಟೆ ಒಣಗುತ್ತಾ?"

ಆಗ ಯಾರೋ ನಕ್ಕ ಸದ್ದು ಕೇಳಿಸಿತು. ನಕ್ಕವಳು ನಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಎಷ್ಟೋ ತಿಂಗಳಾಗಿತ್ತು. ಆ ಮಕ್ಕಳಿಗೆ ಅದು ಗೊತ್ತಿಲ್ಲ. ಅವರಿಗೆ ನಾನು ಋಣಿ.

ತಂದೆಯವರ ಪ್ರಶ್ನೆಗಳು

ಒಂದು ಶನಿವಾರ ಆ ಹುಡುಗನ ತಂದೆಯೇ ಬಂದು ಬಾಗಿಲಲ್ಲಿ ನಿಂತರು. "ಏನ್ ಮೇಡಂ, ನಮ್ ಉಡುಗುಂಗೆ ಇಂಟರ್‌ವ್ಯೂ ಯೇಳ್ಕೊಡ್ತಾ ಇದ್ದೀರಂತೆ. ನಂಗೇನೋ ಇದೆಲ್ಲಾ ಬ್ಯಾಡ. ಬಿಲ್ಡಿಂಗ್ ನೋಡ್ಕೊಂಡ್ ಇದ್ರೆ ಸಾಕು. ಈ ತಿಂಗ್ಳು ಬರೋ ಕಂಪ್ನೀಲಿ ಆದ್ರೆ ವೋಗ್ಲಿ, ಆಗ್ದಿದ್ರೆ ಬಿಲ್ಡಿಂಗೇ. ಅಂಗಂತ ಮಾತಾಗಿದೆ."

ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಲೆಕ್ಕಪತ್ರದ ಕೆಲಸವೆಂದರೆ ಆಸೆ. ಆ ತಿಂಗಳ ಕೊನೆಗೆ ಪೀಣ್ಯದ ಕಂಪನಿಯೊಂದು ಕಾಲೇಜಿಗೆ ಬರುವುದಿತ್ತು. ಅವನಿಗಿದ್ದದ್ದು ಅದೊಂದೇ ಅವಕಾಶ.

ನಾನು ಮಾತು ಬದಲಿಸಲು, "ಬನ್ನಿ, ನೀವೂ ಮಕ್ಕಳಿಗೆ ಒಂದೆರಡು ಪ್ರಶ್ನೆ ಕೇಳಿ" ಎಂದೆ.

"ಅದೇನ್ ಮಹಾ? ಮನೆ ಕೇಳ್ಕೊಂಡ್ ಬರೋರ್ನ ದಿನಾ ಕೇಳ್ತೀನಿ" ಎಂದು ನನ್ನ ಕುರ್ಚಿಯಲ್ಲಿ ಕೂತರು. ಎದುರಿಗೆ ಕೂತ ಬಿಬಿಎ ಹುಡುಗಿಯನ್ನು ಕೇಳಿದರು: "ಯಾವೂರಮ್ಮ? ಮುಂಚೆ ಎಲ್ಲಿದ್ರಿ? ಅಲ್ಲಿ ಯಾಕೆ ಬಿಟ್ರಿ? ಎಷ್ಟು ದಿವ್ಸ ಇರ್ತೀರಿ?"

ನನಗೆ ಆಶ್ಚರ್ಯವಾಯಿತು. ಕಂಪನಿಯವರು ಕೇಳುವುದೂ ಇವನ್ನೇ. ಹುಡುಗಿ ಯಾವ ಹೆದರಿಕೆಯೂ ಇಲ್ಲದೆ ಚೆನ್ನಾಗಿ ಉತ್ತರಿಸಿದಳು. "ಕೆಲಸ ಸಿಕ್ಕಿತು ಅಂದ್ಕೋ" ಎಂದು ನಾನು ಬೆನ್ನು ತಟ್ಟುವಷ್ಟರಲ್ಲಿ ಅವರು ಕೊನೆಯ ಪ್ರಶ್ನೆ ಹಾಕಿದರು.

"ಎಲ್ಲಾ ಸರಿ. ನೆಂಟ್ರು ಬಂದ್ರೆ ಎಷ್ಟು ದಿವ್ಸ ಉಳ್ಕೋತಾರೆ?"

ನಿಜವಾದ ಇಂಟರ್‌ವ್ಯೂ

ಪೀಣ್ಯದ ಕಂಪನಿಯಿಂದ ಇಬ್ಬರು ಬಂದರು: ಒಬ್ಬರು ಎಚ್‌ಆರ್ ಸಾಹೇಬರು, ಇನ್ನೊಬ್ಬರು ಲೆಕ್ಕಪತ್ರ ವಿಭಾಗದ ಹಿರಿಯ ಮೇಡಂ. ಹೆಸರು ಕರೆದು ಒಳಗೆ ಕಳಿಸುವ ಕೆಲಸ ನನ್ನದು. ಸೆಕೆಗೆ ಬಾಗಿಲು ತೆರೆದೇ ಇತ್ತು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು; ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹುಡುಗ ಒಳಗೆ ಹೋದ. ಎಚ್‌ಆರ್ ಸಾಹೇಬರು ತಲೆ ಎತ್ತಿ ನೋಡಿದವರೇ ಅರ್ಧ ಎದ್ದು, ಏನೋ ನೆನಪಾದವರಂತೆ ಮತ್ತೆ ಕೂತರು. ಹುಡುಗನ ಕಿವಿ ಕೆಂಪಾಯಿತು. ನನಗೆ ಏನೂ ತಿಳಿಯಲಿಲ್ಲ.

ಹಿರಿಯ ಮೇಡಂ ಕೇಳಿದರು: "ಕಷ್ಟದ ಗ್ರಾಹಕರನ್ನು ಎಂದಾದರೂ ನಿಭಾಯಿಸಿದ್ದೀಯಾ?"

ಈ ಪ್ರಶ್ನೆಗೆ ನಾವು ಮೂರು ವಾರ ಉತ್ತರ ತಿದ್ದಿದ್ದೆವು. ಅವನಿಗೆ ಕಂಠಪಾಠವಾಗಿತ್ತು. ಕಂಠಪಾಠವಾದ ಉತ್ತರಕ್ಕೆ ಬ್ರೇಕ್ ಇರುವುದಿಲ್ಲ.

"ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ಗ್ರಾಹಕರಿದ್ದಾರೆ" ಎಂದು ಶುರು ಮಾಡಿದ. "ನೀರು ನಿಂತರೆ ಅವರು ಫೋನ್ ಮಾಡುತ್ತಾರೆ. ನಾನು ಹೇಳುವುದನ್ನು ಕೇಳಿಸಿಕೊಳ್ಳುವುದಿಲ್ಲ. ಒಮ್ಮೆ ಮೈಗೆಲ್ಲ ಸೋಪು ಹಚ್ಚಿಕೊಂಡೇ ಫೋನ್ ಮಾಡಿದ್ದರು."

ಸೋಪಿನ ಮಾತು ಇರಲಿ, ಉತ್ತರಕ್ಕೆ ಜೀವ ಬರುತ್ತದೆ ಎಂದವಳು ನಾನು.

"ಆಮೇಲೆ ಟ್ಯಾಂಕ್ ಹತ್ತಿ ನೋಡಿದೆ. ವಾಲ್ವ್ ಕೆಟ್ಟಿತ್ತು. ತಪ್ಪು ಅವರದಲ್ಲ. ನಾನು ಮೊದಲನೇ ಫೋನಿಗೇ ಹತ್ತಿ ನೋಡಬೇಕಿತ್ತು. ಅದನ್ನು ಕಲಿತೆ."

"ಆ ಗ್ರಾಹಕರು ಈಗ ಸಮಾಧಾನವಾಗಿದ್ದಾರಾ?"

ಹುಡುಗ ಬಾಯಿ ತೆರೆಯುವ ಮೊದಲೇ ಎಚ್‌ಆರ್ ಸಾಹೇಬರು, "ಇದ್ದಾರೆ ಮೇಡಂ" ಎಂದರು.

"ನಿಮಗೆ ಹೇಗೆ ಗೊತ್ತು?"

"ಸೋಪು ಹಚ್ಚಿಕೊಂಡಿದ್ದವನು ನಾನೇ."

ಹಿರಿಯ ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಚ್‌ಆರ್ ಸಾಹೇಬರು ಒಳ್ಳೆಯವರು. "ನಾನು ಇವರ ಮನೇಲಿ ಬಾಡಿಗೆಗಿದ್ದೀನಿ, ಇವನಿಗೆ ನಾನು ಅಂಕ ಹಾಕೋದು ಸರಿಯಲ್ಲ" ಎಂದು ಹೊರಗೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ಒಳಗೆ ಮೇಡಂ ಅವನಿಗೆ ಲೆಕ್ಕದ ಮೇಲೆ ಲೆಕ್ಕ ಕೊಟ್ಟರು. ನಾವಿಬ್ಬರೂ ಉಸಿರು ಹಿಡಿದು ಕೇಳುತ್ತಿದ್ದೆವು. ಒಂದನ್ನೂ ತಪ್ಪು ಮಾಡಲಿಲ್ಲ.

ಸಂಜೆ ಆಯ್ಕೆಯಾದವರ ಹೆಸರು ಓದಿದಾಗ ಅವನದೂ ಇತ್ತು. ಅವನು ನನ್ನೆದುರಿಗೇ ತಂದೆಗೆ ಫೋನ್ ಮಾಡಿದ. ಅವರ ದನಿ ದೊಡ್ಡದು, ನನಗೂ ಕೇಳಿಸುತ್ತಿತ್ತು.

"ಆಯ್ತಾ? ಸರಿ ಬಿಡು, ಮಾತು ಮಾತೇ, ವೋಗು. ಅಲ್ಲಿ ಯಾರ ಕೈಕೆಳ್ಗೆ?"

"ಕೆಲಸ ಬೇರೆಯವರ ಹತ್ರ ಅಪ್ಪ. ಹಾಜರಿ, ರಜೆ ಎಲ್ಲಾ ನಮ್ಮ ಎರಡನೇ ಫ್ಲೋರ್ ಸಾರ್ ನೋಡ್ಕೋತಾರೆ."

"ಒಳ್ಳೇದೇ ಆಯ್ತು ಕಣ್ಲಾ. ನೀನ್ ಆಫೀಸಿಗೆ ಲೇಟಾಗ್ ವೋದ್ರೆ ಅವ್ರು ಬಂದು ನಂಗ್ ಯೇಳ್ತಾರೆ. ಅವ್ರಿಗೆ ನೀರ್ ಬರ್ದಿದ್ರೆ ಆಫೀಸ್ನಾಗೇ ನಿಂಗ್ ಯೇಳ್ತಾರೆ. ಇನ್ ಫೋನ್ ಮಾಡೋ ತಾಪತ್ರಯನೇ ಇಲ್ಲ."